ಮಾವು ಮತ್ತು ಬದುವಿನ ಮರಗಳಲ್ಲಿ ಬಂದಳಿಕೆ: ಗುರುತಿಸುವಿಕೆ ಹಾಗೂ ಹತೋಟಿ

ಮೆಟ್ರಿ, ಕಂಪ್ಲಿ, ಹೊಸಪೇಟೆ ಹಾಗೂ ಸಂಡೂರು ಭಾಗದ ಹಳೆಯ ಮಾವಿನ ಮರಗಳಲ್ಲಿ, ಬದುವಿನ ಹೊಂಗೆ-ಬೇವುಗಳಲ್ಲಿ ಕೊಂಬೆಯ ಮೇಲೆ ಬೇರೊಂದು ಗಿಡ ಪೊದೆಯಾಗಿ ಬೆಳೆದಿದ್ದರೆ ಅದು ಬಹುಮಟ್ಟಿಗೆ ಬಂದಳಿಕೆ (ಬದನಿಕೆ). ಇದರ ಸಸ್ಯಶಾಸ್ತ್ರೀಯ ಹೆಸರು ಡೆಂಡ್ರಾಫ್ತೊ ಫಾಲ್ಕೇಟಾ. ಲೊರಾಂಥೇಸಿ ಕುಟುಂಬಕ್ಕೆ ಸೇರಿದೆ. ಯುರೋಪಿನ ಓಕ್ ಕಾಡುಗಳಲ್ಲಿ ಕಾಣುವ ಪರಾವಲಂಬಿಯೂ ಇದರ ಹತ್ತಿರದ ಸಂಬಂಧಿಯೇ. ನಮ್ಮ ಶ್ರೀಗಂಧವೂ ಇದೇ ಗಣದ್ದಾಗಿದ್ದು, ಅದು ನೆರೆಯ ಗಿಡಗಳ ಬೇರಿಗೆ ಅಂಟಿದರೆ ಬಂದಳಿಕೆ ಕೊಂಬೆಗೆ ಅಂಟುತ್ತದೆ.

ಬಂದಳಿಕೆ ಅರೆಪರಾವಲಂಬಿ. ಹಸಿರೆಲೆಗಳಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರು ಮತ್ತು ಲವಣಾಂಶಗಳನ್ನು ಹೀರುಬೇರುಗಳ ಮೂಲಕ ಆಶ್ರಯ ಮರದಿಂದಲೇ ಪಡೆಯುತ್ತದೆ. ಮರಕ್ಕಿಂತ ಹೆಚ್ಚು ನೀರನ್ನು ಆವಿಯಾಗಿಸುವುದರಿಂದ ಬೇಸಿಗೆಯ ಬರದಲ್ಲಿ ಹಾನಿ ತೀವ್ರ. ಅಂಟಿದ ಸ್ಥಳದಲ್ಲಿ ಕೊಂಬೆ ಗಂಟುಗಟ್ಟುತ್ತದೆ. ಅದರ ಮುಂದಿನ ಭಾಗದ ಎಲೆ ಚಿಕ್ಕದಾಗಿ, ಕಾಯಿ ಕಡಿಮೆಯಾಗಿ, ಕೊನೆಗೆ ತುದಿ ಒಣಗುತ್ತದೆ. ಇಂಥ ಮರಕ್ಕೆ ಗೊಬ್ಬರ ಹೆಚ್ಚಿಸಿ ಸುಮ್ಮನಾಗುವುದು ಪ್ರಯೋಜನವಿಲ್ಲ, ಅದರ ಪಾಲು ಬಂದಳಿಕೆಗೂ ಸೇರುತ್ತದೆ.

ಹಣ್ಣನ್ನು ತಿನ್ನುವ ಸಣ್ಣ ಹಕ್ಕಿಗಳಿಂದ ಬೀಜ ಹರಡುತ್ತದೆ. ಗಿಡದ ಹೆಸರೇ ಬಂದಿರುವ ಬದನಿಕೆ ಹಕ್ಕಿ ಇವುಗಳಲ್ಲಿ ಮುಖ್ಯವಾದುದು. ಬೀಜದ ಸುತ್ತಲಿನ ಅಂಟು ಅದನ್ನು ಕೊಂಬೆಗೆ ಕಚ್ಚಿಸುತ್ತದೆ. ಮೊಳೆಯಲು ಮಣ್ಣು ಬೇಕಿಲ್ಲ.

ಬೇವು ಎಲೆ ಉದುರಿಸುವ ಬೇಸಿಗೆಯ ಆರಂಭದಲ್ಲಿ ಬಂದಳಿಕೆ ಸುಲಭವಾಗಿ ಕಾಣುತ್ತದೆ. ಸದಾ ಹಸಿರಾಗಿರುವ ಮಾವಿನಲ್ಲಿ ಮಾತ್ರ ಕೆಳಗೆ ನಿಂತು ಎಚ್ಚರದಿಂದ ನೋಡಬೇಕು: ದಪ್ಪನೆಯ ಬೂದುಹಸಿರು ಎಲೆ, ಕಿತ್ತಳೆಗೆಂಪಿನ ಕೊಳವೆಯಾಕಾರದ ಹೂ ಇದರ ಗುರುತು. ಎಲೆಯೇ ಇಲ್ಲದ ಹಳದಿ ದಾರದಂತಹ ಬಳ್ಳಿಯಾದರೆ ಅದು ಕಸ್ಕ್ಯೂಟಾ, ಬೇರೆ ಕಳೆ.

ಪೊದೆಯನ್ನಷ್ಟೇ ಮುರಿದೆಳೆದರೆ ಕೊಂಬೆಯೊಳಗೆ ಉಳಿದ ಹೀರುಬೇರಿನಿಂದಲೂ ತೊಗಟೆಯ ಮೇಲೆ ಹರಿದ ಬೇರುಗಳಿಂದಲೂ ಮತ್ತೆ ಚಿಗುರುತ್ತದೆ. ಆದ್ದರಿಂದ ಗಂಟಿನಿಂದ ಕಾಂಡದ ಕಡೆಗೆ ಕನಿಷ್ಠ 30 ಸೆಂ.ಮೀ. ಬಿಟ್ಟು ಕೊಂಬೆಯನ್ನೇ ಗರಗಸದಿಂದ ಕತ್ತರಿಸಬೇಕು. ಮಾವಿನಲ್ಲಿ ಕೊಯ್ಲು ಮುಗಿದ ಕೂಡಲೇ ಈ ಕೆಲಸ ಮಾಡುವುದು ಅನುಕೂಲ. ಆದರೆ ಬಂದಳಿಕೆಯಲ್ಲಿ ಕಾಯಿ ಕಂಡರೆ ಕೊಯ್ಲಿಗಾಗಿ ಕಾಯದೆ ಪೊದೆಯನ್ನಾದರೂ ತೆಗೆಯಬೇಕು. ಕತ್ತರಿಸಿದ ಭಾಗಕ್ಕೆ ಶೇ. 10ರ ಬೋರ್ಡೋ ಮುಲಾಮು ಬಳಿಯಬೇಕು. 1 ಕಿ.ಗ್ರಾಂ ಮೈಲುತುತ್ತ ಮತ್ತು 1 ಕಿ.ಗ್ರಾಂ ಸುಟ್ಟ ಸುಣ್ಣವನ್ನು ತಲಾ 5 ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಿ ಬೆರೆಸಿಕೊಳ್ಳಿ. ಕಬ್ಬಿಣದ ಪಾತ್ರೆ ಬೇಡ. ಬಂದಳಿಕೆ ಮುಖ್ಯ ಕಾಂಡಕ್ಕೇ ಅಂಟಿದ್ದರೆ ಕಾಂಡ ಕಡಿಯದೆ, ಪ್ರತಿವರ್ಷ ಹೂ ಬಿಡುವ ಮುನ್ನ ಚಿಗುರು ತೆಗೆಯುತ್ತಿರಬೇಕು.

2,4-ಡಿ ಮುಂತಾದ ಕಳೆನಾಶಕಗಳ ಸಿಂಪರಣೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಅದು ಮಾವಿನ ಚಿಗುರನ್ನೂ ಸುಡುತ್ತದೆ. ಗಾಳಿಯಲ್ಲಿ ತೇಲಿದ ಹನಿ ನೆರೆಹೊಲದ ಹತ್ತಿಯನ್ನು ಕೆಡಿಸಲು ಸಾಕು.

ಕತ್ತರಿಸಿದ ಪೊದೆಯಲ್ಲಿ ಹಣ್ಣಿದ್ದರೆ ಹಕ್ಕಿಗೆ ಸಿಗದಂತೆ ಹೂಳಬೇಕು. ಒಬ್ಬರ ತೋಟ ಶುಚಿಯಾಗಿ ಪಕ್ಕದ ಬದುವಿನ ಹೊಂಗೆಯಲ್ಲಿ ಬಂದಳಿಕೆ ಉಳಿದರೆ ಬೀಜ ಮರಳಿ ಬರುತ್ತದೆ. ವಿಸ್ತರಣಾ ಕಾರ್ಯಕರ್ತರು ಅಕ್ಕಪಕ್ಕದ ರೈತರನ್ನು ಸೇರಿಸಿ ಒಂದೇ ವಾರದಲ್ಲಿ ಕೆಲಸ ಮುಗಿಸುವುದು ಉತ್ತಮ. ರಸ್ತೆಬದಿಯ ಮರಗಳಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.