ಹಂದಿಗೋಡು ಕಾಯಿಲೆ ಮತ್ತು ಮಂಡಿ ಬದಲಾವಣೆ

ಸಾಗರ ತಾಲ್ಲೂಕಿನ ಹಂದಿಗೋಡಿನ ಕೀಲುಬೇನೆ ಹೊರಜಗತ್ತಿನ ಗಮನಕ್ಕೆ ಬಂದದ್ದು 1975ರ ಸುಮಾರಿಗೆ. ಇಂದಿನ ಮಂಡಿ ಬದಲಾವಣೆಗೆ ಮಾದರಿಯಾದ ಟೋಟಲ್ ಕಾಂಡೈಲಾರ್ ಕೃತಕ ಮಂಡಿಯನ್ನು ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್ ಮತ್ತು ಸಂಗಡಿಗರು ಬಳಕೆಗೆ ತಂದದ್ದು 1974ರಲ್ಲಿ. ಈ ಎರಡು ಚರಿತ್ರೆಗಳನ್ನು ಜೊತೆಗಿಟ್ಟು ಓದಿದರೆ, ನಮ್ಮ ಸಂಶೋಧನೆ ಕಾಯಿಲೆಯ ಕಾರಣಕ್ಕೆ ಕೊಟ್ಟ ಮಹತ್ವವನ್ನು ಕಾಯಿಲೆಯವರ ನಡಿಗೆಗೆ ಕೊಡಲಿಲ್ಲವೆಂದೇ ಹೇಳಬೇಕಾಗುತ್ತದೆ. ಬೇನೆ ಹೆಚ್ಚಾಗಿ ಕಂಡದ್ದು ಚನ್ನಂಗಿ, ಚಲವಾದಿ ಸಮುದಾಯಗಳಲ್ಲಿ. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈಸೇರಿತೆಂಬ ಗುಮಾನಿ ಮೊದಲು ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. 1994ರಲ್ಲಿ ಅಗರ್‌ವಾಲ್, ಫಡ್ಕೆ ಮತ್ತಿತರರು ಎಕ್ಸ್‌ರೇಗಳನ್ನು ಪರಿಶೀಲಿಸಿ, ತಂದೆ ಅಥವಾ ತಾಯಿ ಒಬ್ಬರಿಂದಲೇ ದಾಟಿಬರಬಲ್ಲ ಮೂಳೆ ಬೆಳವಣಿಗೆಯ ದೋಷವಿದು ಎಂದು ತೋರಿಸಿದರು.

ವಂಶವಾಹಿಯ ಕಾಯಿಲೆ ಎಂದಮೇಲೆ ಮಾಡುವುದೇನಿದೆ ಎಂಬ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಈ ವಾದದಲ್ಲಿ ಹುರುಳಿಲ್ಲ. ಹುಟ್ಟಿನಿಂದ ಬಂದ ದೋಷ ವಾಸಿಯಾಗದಿರಬಹುದು. ಆದರೆ ಸವೆದ ಕೀಲು ಬೇರೆ, ಅದಕ್ಕೆ ಕಾರಣವಾದ ದೋಷ ಬೇರೆ. ಹಂದಿಗೋಡಿನ ಬೇನೆಯನ್ನು ಬಹುವಾಗಿ ಹೋಲುವ ಕೀಲುಬೇನೆ ದಕ್ಷಿಣ ಆಫ್ರಿಕಾದ ಎಂಸೆಲೆನಿಯಲ್ಲಿದೆ. ಅಲ್ಲಿನ ರೋಗಿಗಳಿಗೆ ಸೊಂಟದ ಕೀಲು ಬದಲಿಸಿದ್ದಾರೆ. ಕಾರಣ ಪೂರ್ತಿ ಬಗೆಹರಿಯಲೆಂದು ಯಾರೂ ಕಾದು ಕೂರಲಿಲ್ಲ.

ಹಂದಿಗೋಡಿನಲ್ಲಿ ಮೊದಲು ಕೆಡುವುದು ಸೊಂಟದ ಕೀಲು, ಮಂಡಿಯ ಮಾತೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸೊಂಟ ಬಾಗಿದ್ದರೆ ಮಂಡಿಯ ನೇರ ಸಿಗುವುದಿಲ್ಲವಾದ್ದರಿಂದ ಎರಡೂ ಕೆಟ್ಟಲ್ಲಿ ಸೊಂಟಕ್ಕೇ ಸಾಮಾನ್ಯವಾಗಿ ಮೊದಲ ಸರದಿ; ಮಂಡಿಯದು ಅದರ ನಂತರ. ಇನ್ನೂ ಗಟ್ಟಿಯಾದ ಆಕ್ಷೇಪ ಶಸ್ತ್ರಚಿಕಿತ್ಸಕರದು. ಮಾಮೂಲಿ ಮಂಡಿ ಬದಲಾವಣೆಯಲ್ಲಿ ತೊಡೆಮೂಳೆಯ ಪೊಳ್ಳಿನೊಳಗೆ ಉದ್ದನೆಯ ಸಲಾಕೆ ಇಳಿಸಿ, ಅದರ ನೇರಕ್ಕೆ ಮೂಳೆಯ ತುದಿ ಕೊಯ್ಯುತ್ತಾರೆ. ಬೆಳವಣಿಗೆಯಲ್ಲೇ ಡೊಂಕಾದ ಮೂಳೆಯಲ್ಲಿ ಸಲಾಕೆ ಅರ್ಧಕ್ಕೇ ತಡೆಯುತ್ತದೆ. ಮೂಳೆಯ ತುದಿ ಚಪ್ಪಟೆ, ಪೊಳ್ಳು ಕಿರಿದು, ಅಸ್ಥಿರಜ್ಜು ಸಡಿಲ. ಸಿದ್ಧ ಅಳತೆಯ ಅತಿ ಚಿಕ್ಕ ಕೃತಕ ಮಂಡಿಯೂ ಕೆಲವರಿಗೆ ದೊಡ್ಡದಾಗುತ್ತದೆ. ಅರಿವಳಿಕೆ ಕೊಡುವವರು ಕತ್ತು, ಬೆನ್ನುಮೂಳೆಗಳನ್ನು ಮೊದಲೇ ಪರೀಕ್ಷಿಸಬೇಕು. ಇಷ್ಟಾದರೂ ದಾರಿ ಇದೆ. ಇಂಥ ಮೂಳೆದೋಷದವರಿಗೆ ಅವರವರ ಅಳತೆಗೆ ಮಾಡಿಸಿದ, ಬಿಜಾಗರಿಯಂತೆ ಮಡಿಚುತ್ತಲೇ ತುಸು ತಿರುಗುವ ಮಂಡಿಯನ್ನು ಲಂಡನ್ನಿನ ಸ್ಟಾನ್‌ಮೋರ್‌ನ ವೈದ್ಯರು ಕೂರಿಸಿ, 2012ರಲ್ಲಿ ವರದಿ ಮಾಡಿದರು. ತೊಡಕುಗಳು ಬಂದವು, ನೋವೂ ಇಳಿಯಿತು.

ಚಿಕ್ಕ ವಯಸ್ಸಿನಲ್ಲೇ ಹಾಕಿದ ಮಂಡಿ ಸವೆದು ಮತ್ತೆ ಬದಲಿಸಬೇಕಾದೀತು, ನಿಜ. ಆದರೆ ಕೂಲಿಯಿಂದ ಬದುಕುವವರಿಗೆ ದುಡಿಯುವ ವಯಸ್ಸು ಕಳೆದಮೇಲೆ ಸಿಗುವ ಮಂಡಿಯಿಂದ ಏನು ಪ್ರಯೋಜನ? ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಸಿದ್ಧ ಅಳತೆ ಹೊಂದುವವರಿಗೆ ಅದು ದೊಡ್ಡ ನೆರವು. ಹೊಂದದವರಿಗೆ ಬೇಕಾದದ್ದು ಅವರದೇ ಮೂಳೆಯ ಅಳತೆ. ಸೊಂಟ, ಮಂಡಿ, ಬೆನ್ನುಗಳ ಎಕ್ಸ್‌ರೇಯನ್ನು ಒಟ್ಟಿಗೆ ತೆಗೆದು ಆ ಅಳತೆ ಹಿಡಿಯುವ ಕೆಲಸ ಸಾಗರದವರಿಗೆ ಬಸ್ಸಿನಲ್ಲಿ ಹೋಗಿಬರಬಹುದಾದ ಶಿವಮೊಗ್ಗದಲ್ಲೇ ಆಗಬೇಕು.