ಮಾಗಡಿ ಕೆರೆಯ ಮಣ್ಣಿನ ಒಡ್ಡು: ಮಳೆಗಾಲಕ್ಕೆ ಮುಂಚೆ ತಿಳ್ಕೊಬೇಕಾದ ಸಂಗತಿಗಳು

ಶಿರಹಟ್ಟಿ: ಮಾಗಡಿ ಕೆರೆ ಅಂದ್ರೆ ಎಲ್ಲರಿಗೂ ನೆನಪಾಗೋದು ಚಳಿಗಾಲದ ಹಕ್ಕಿಗಳು. ಆದರೆ ನೀರು ನಿಂತರೆ ಹಕ್ಕಿ, ಒಡ್ಡು ಗಟ್ಟಿ ಇದ್ದರೆ ನೀರು. ಆ ಒಡ್ಡಿನ ಬಗ್ಗೆ ಮಾತಾಡೋರು ಕಡಿಮೆ.

ಕೆರೆ ಎಷ್ಟು ದೊಡ್ಡದು?
ವಿಸ್ತೀರ್ಣ 134 ಎಕರೆ 15 ಗುಂಟೆ, ಅಂದರೆ ಸುಮಾರು 54 ಹೆಕ್ಟೇರ್. ಸುತ್ತಲಿನ ಸುಮಾರು 900 ಹೆಕ್ಟೇರ್ ಜಮೀನಿನ ಮಳೆನೀರು ಹರಿದು ಇಲ್ಲಿಗೇ ಬರುತ್ತದೆ. ಕಟ್ಟಿದ್ದು ನೀರಾವರಿಗೆ. 2024ರ ಜನವರಿಯಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆ ರಾಮ್‌ಸರ್ ಪಟ್ಟಿಗೆ ಸೇರಿತು. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಕಾಣಸಿಗುತ್ತವೆ, ಅದರಲ್ಲಿ 130 ವಲಸೆ ಬರುವಂಥವು. ಪಟ್ಟೆತಲೆ ಹೆಬ್ಬಾತಿಗೆ ದಕ್ಷಿಣ ಭಾರತದಲ್ಲಿ ಇದು ದೊಡ್ಡ ಚಳಿಗಾಲದ ತಾಣ.

ಒಂದೇ ಮಳೆಗೆ ಎಷ್ಟು ನೀರು?
ಲೆಕ್ಕ ಹಾಕಿ ನೋಡ್ರಿ. ಒಂದು ಹೆಕ್ಟೇರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10 ಸಾವಿರ ಲೀಟರ್. ರಾತ್ರಿ 50 ಮಿ.ಮೀ. ಮಳೆ ಸುರಿದು, ಅರ್ಧ ಭೂಮಿಗೆ ಇಂಗಿ ಅರ್ಧ ಹರಿದು ಬಂತು ಅಂತ ಇಟ್ಕೊಳ್ರಿ. ಬರೋ ನೀರು 22 ಕೋಟಿ 50 ಲಕ್ಷ ಲೀಟರ್. ಕೆರೆ ಮಟ್ಟ ಒಂದೂಕಾಲು ಅಡಿಗಿಂತ ಹೆಚ್ಚು ಏರುತ್ತದೆ. ಕೆರೆ ಮೊದಲೇ ತುಂಬಿದ್ದರೆ ಇಷ್ಟೂ ನೀರು ಕೋಡಿ ಮೇಲೇ ಹೋಗಬೇಕು.

ಮಣ್ಣಿನ ಒಡ್ಡು ಒಡೆಯೋದು ಹೇಗೆ?
1. ಕೋಡಿಗೆ ಕಸ, ಜಾಲಿಕಂಟಿ, ಮಣ್ಣು ಅಡ್ಡ ಬಂದರೆ ನೀರು ಒಡ್ಡಿನ ತಲೆ ಮೇಲೆ ಹರಿಯುತ್ತದೆ. ಮಣ್ಣಿನ ಒಡ್ಡು ಇದನ್ನ ಬಹಳ ಹೊತ್ತು ತಡಕೊಳ್ಳೋದಿಲ್ಲ.
2. ಇಲಿ ಬಿಲ, ಏಡಿ ತೂತು, ಸತ್ತ ಗಿಡದ ಬೇರಿನ ಜಾಗದಿಂದ ನೀರು ಒಳಗೊಳಗೇ ದಾರಿ ಮಾಡಿಕೊಳ್ಳುತ್ತದೆ.
3. ಬೇಸಿಗೆಯಲ್ಲಿ ಎರಿ ಮಣ್ಣು ಬಿರಿಯುತ್ತದೆ. ಆ ಬಿರುಕಿಗೆ ಮಳೆನೀರು ಇಳಿದರೆ ಇಳಿಜಾರು ಕುಸಿಯುತ್ತದೆ.

ಏನು ನೋಡಬೇಕು?
ಒಡ್ಡಿನ ಹಿಂದೆ ತಿಳಿನೀರು ಜಿನುಗಿದರೆ ದಿನಾ ನಿಗಾ ಇಡಬೇಕು. ಕೆಂಪು, ಕಪ್ಪು ರಾಡಿ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿ ಬರ್ತಿದೆ ಅಂತ ಅರ್ಥ. ಆಗ ಕಾಯೋದು ಬೇಡ. ತಗ್ಗಿನ ಹೊಲದಲ್ಲಿರುವ ಮಂದಿ, ದನಕರುಗಳನ್ನು ಮೊದಲು ಸರಿಸಿ, ಪಂಚಾಯ್ತಿಗೆ, ತಹಶೀಲ್ದಾರರಿಗೆ ತಿಳಿಸಬೇಕು. ತುರ್ತಿಗೆ 112.

ಯಾರ ಜವಾಬ್ದಾರಿ?
ರಾಜ್ಯದಲ್ಲಿ 40 ಹೆಕ್ಟೇರ್ ತನಕ ಅಚ್ಚುಕಟ್ಟು ಇರುವ ಕೆರೆಗಳು ಪಂಚಾಯತ್ ವ್ಯಾಪ್ತಿಗೆ, 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ ಬರುತ್ತವೆ. ನಿಮ್ಮೂರ ಕೆರೆ ಯಾರದು ಅಂತ ಪಂಚಾಯ್ತಿಯಲ್ಲಿ ಈಗಲೇ ಕೇಳಿ ಇಟ್ಕೊಳ್ರಿ. ಅರ್ಜಿ ಯಾರಿಗೆ ಕೊಡಬೇಕು ಅನ್ನೋ ಓಡಾಟ ಮಳೆ ಹಿಡಿದ ಮೇಲೆ ಆಗಬಾರದು.

ಮಂದಿ ಕೈಲಿರೋದು
ಮನೆ ಕಟ್ಟಲಿಕ್ಕೆ ಒಡ್ಡಿನ ಮಣ್ಣು ತೆಗೀಬೇಡ್ರಿ. ಟ್ರ್ಯಾಕ್ಟರ್ ದಾಟಿಸಲಿಕ್ಕೆ ಒಡ್ಡು ಕಡೀಬೇಡ್ರಿ. ಮೀನಿಗಾಗಿ ಕೋಡಿಗೆ ಅಡ್ಡ ಕಲ್ಲು, ಬಲೆ ಇಟ್ಟು ಹಂಗೇ ಬಿಡಬೇಡ್ರಿ. ಹೂಳು ಹೊಲಕ್ಕೆ ಒಳ್ಳೇದೇ, ಆದರೆ ಇಲಾಖೆ ಅನುಮತಿ ಪಡೆದು ಕೆರೆ ನಡುವಿನಿಂದ ತೆಗೀಬೇಕು, ಒಡ್ಡಿನ ಬುಡದಿಂದಲ್ಲ. ಬುಡ ಸಡಿಲಾದರೆ ಮೇಲೆ ಎಷ್ಟು ಮಣ್ಣು ಹಾಕಿದರೂ ನಿಲ್ಲೋದಿಲ್ಲ.