ಬಿಸಿಲಿನ ಕೈತೋಟಕ್ಕೆ ಗಿಡ್ಡ ಯೂಫೋರ್ಬಿಯಾ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಗೆ ಸಲಹೆ

ಯೂಫೋರ್ಬಿಯಾ ಮಿಲಿ ಮಡಗಾಸ್ಕರ್ ಮೂಲದ ನಿತ್ಯಹಸಿರು ಮುಳ್ಳುಗಿಡ. ನಮ್ಮ ಬೇಲಿಯ ಕಳ್ಳಿಯ ಕುಲಕ್ಕೇ ಸೇರಿದ ಇದರ ಗಿಡ್ಡ ತಳಿಗಳು ಒಂದೆರಡು ಅಡಿ ಎತ್ತರದಲ್ಲಿ ಒತ್ತಾಗಿ ಬೆಳೆದು, ವರ್ಷದ ಬಹುಕಾಲ ಹೂ ಬಿಡುತ್ತವೆ. ದಳಗಳಂತೆ ಕಾಣುವ ಕೆಂಪು, ಗುಲಾಬಿ ಅಥವಾ ಹಳದಿ ಭಾಗಗಳು ವಾಸ್ತವವಾಗಿ ಪುಷ್ಪಪತ್ರಗಳು. ಅವು ವಾರಗಟ್ಟಲೆ ಬಾಡದೆ ಉಳಿಯುತ್ತವೆ.

ಸ್ಥಳ ಮತ್ತು ಮಣ್ಣು
ಅರೆಮಲೆನಾಡಿನ ಬೇಸಿಗೆಯನ್ನು ಈ ಗಿಡ ಸುಲಭವಾಗಿ ತಾಳಿಕೊಳ್ಳುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ ಎತ್ತರದ ಜಾಗವನ್ನು ಆರಿಸಿಕೊಳ್ಳಿ. ಅಡಿಕೆ ತೋಟದ ನೆರಳು ಮತ್ತು ಗದ್ದೆಯ ಜಿಗುಟು ಮಣ್ಣು ಇದಕ್ಕೆ ಒಗ್ಗವು. ಕೆಂಪು ಮಣ್ಣು, ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿ, ಅರ್ಧ ಅಡಿ ಎತ್ತರದ ಏರುಮಡಿ ಮಾಡಿ. ಹೆಚ್ಚು ಮಳೆಯಾಗುವ ಚಂದ್ರಗುತ್ತಿ ಭಾಗದವರು ಕುಂಡದಲ್ಲಿ ಬೆಳೆಸಿ, ಮಳೆಗಾಲದಲ್ಲಿ ಬೆಳಕಿರುವ ಸೂರಿನಡಿ ಇಡುವುದು ಸೂಕ್ತ.

ಸಸ್ಯಾಭಿವೃದ್ಧಿ
ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ 8–10 ಸೆಂ.ಮೀ. ಉದ್ದದ ತುದಿಕಾಂಡಗಳನ್ನು ಕತ್ತರಿಸಿ. ಕತ್ತರಿಸಿದ ತುದಿಯನ್ನು ನೀರಿನಲ್ಲಿ ಅದ್ದಿದರೆ ಹಾಲು ಸುರಿಯುವುದು ನಿಲ್ಲುತ್ತದೆ. ಬಳಿಕ ನೆರಳಿನಲ್ಲಿ 4–5 ದಿನ ಒಣಗಿಸಿ, ಗಾಯ ಮಾಗಿದ ಮೇಲೆಯೇ ಮರಳು ಮಿಶ್ರಣದಲ್ಲಿ ನೆಡಿ. ಹಸಿಯಾಗಿ ನೆಟ್ಟ ಕಾಂಡಗಳು ಕೊಳೆಯುವುದೇ ಹೆಚ್ಚು. ಬೇರೂರಿದ ಸಸಿಗಳನ್ನು 45 ಸೆಂ.ಮೀ. ಅಂತರದಲ್ಲಿ ನಾಟಿ ಮಾಡಿ.

ನಿರ್ವಹಣೆ
ಮೇಲ್ಮಣ್ಣು ಪೂರ್ತಿ ಒಣಗಿದ ನಂತರವೇ ನೀರು ಕೊಡಿ, ಮಳೆಗಾಲದಲ್ಲಿ ನಿಲ್ಲಿಸಿ. ನೀರಿನ ತೀವ್ರ ಕೊರತೆಯಾದರೆ ಎಲೆ ಉದುರುತ್ತದೆ, ನೀರುಣಿಸಿದಾಗ ಮತ್ತೆ ಚಿಗುರುತ್ತದೆ. ಮಳೆ ಮುಗಿದ ಮೇಲೆ ಗಿಡಕ್ಕೊಂದು ಹಿಡಿ ಎರೆಗೊಬ್ಬರ ಸಾಕು. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ. ಹಿಟ್ಟು ತಿಗಣೆ ಕಂಡರೆ ಪ್ರತಿ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಬೆರೆಸಿ, ಸಂಜೆ ಸಿಂಪಡಿಸಿ. ಬುಡ ಮೆತ್ತಗಾದ ಗಿಡವನ್ನು ಕಿತ್ತು, ಗಟ್ಟಿಯಾಗಿರುವ ತುದಿಗಳಿಂದ ಹೊಸ ಸಸಿ ಮಾಡಿಕೊಳ್ಳಿ.

ಎಚ್ಚರಿಕೆ
ಈ ಗಿಡದ ಹಾಲು ಚರ್ಮಕ್ಕೆ ಉರಿ ತರುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣುಗುಡ್ಡೆಗೆ ಹಾನಿಯಾಗಿ ದೃಷ್ಟಿ ಮಂಜಾಗಬಹುದು. ಸವರುವಾಗ ಕೈಗವಸು ಮತ್ತು ಕನ್ನಡಕ ಧರಿಸಿ. ಕಣ್ಣಿಗೆ ಸಿಡಿದರೆ ಉಜ್ಜಬೇಡಿ, ಮನೆಮದ್ದು ಹಾಕಬೇಡಿ. ಶುದ್ಧ ನೀರಿನಿಂದ 15–20 ನಿಮಿಷ ತೊಳೆದು, ತಡಮಾಡದೆ ನೇತ್ರ ವೈದ್ಯರಲ್ಲಿಗೆ ಹೋಗಿ. ನೋವು ಕೆಲವು ಗಂಟೆಗಳ ನಂತರ ಹೆಚ್ಚಾಗಬಹುದಾದ್ದರಿಂದ ಕಾದು ನೋಡುವುದು ಸಲ್ಲದು. ಮಕ್ಕಳು ಆಡುವ ಅಂಗಳದಲ್ಲಿ ಇದನ್ನು ನೆಡಬೇಡಿ. ಸವರಿದ ಕಾಂಡಗಳನ್ನು ಕೆರೆ, ಕೃಷಿಹೊಂಡ ಅಥವಾ ಕೊಟ್ಟಿಗೆಯ ಬಳಿ ಎಸೆಯದೆ ಮಣ್ಣಿನಲ್ಲಿ ಹೂಳಿರಿ.